ಉಳಿ ಹಿಡಿದ ಕೈಗೆ ಯಾವ ಊರು?

ಚನ್ನಪಟ್ಟಣದ ಬಣ್ಣದ ಬುಗುರಿಯನ್ನೋ ಗಿಲಕಿಯನ್ನೋ ನೋಡದ ಮನೆ ನಮ್ಮಲ್ಲಿ ವಿರಳ. ಅದು ನಮ್ಮ ನಾಡಿನ ಸೊತ್ತೆಂದು ಹೆಮ್ಮೆಪಡುತ್ತೇವೆ. 2005-06ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆಯಿತು. ಆದರೆ ಈ ಕಲೆ ಬಂದದ್ದೆಲ್ಲಿಂದ? ಟಿಪ್ಪು ಸುಲ್ತಾನರು ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿ ಸ್ಥಳೀಯರಿಗೆ ಕಲಿಸಿದರೆಂದು ಆ ಊರಿನ ಪರಂಪರೆ ಹೇಳುತ್ತದೆ. ಮುಂದೆ ಬಾವಾಸ್ ಮಿಯಾನ್ ಎಂಬವರು ಜಪಾನಿನ ಅರಗಿನ ಕೆಲಸದ ವಿಧಾನವನ್ನು ಅಳವಡಿಸಿ, ಊರವರ ಕೈಗೆ ಇನ್ನಷ್ಟು ನೈಪುಣ್ಯ ತಂದುಕೊಟ್ಟರೆಂದು ಅಲ್ಲಿ ಇಂದಿಗೂ ಸ್ಮರಿಸುತ್ತಾರೆ.

ಪರಊರಿನಿಂದ ಬಂದ ಕೆಲಸಗಾರನು ಕಲಾವಿದನಾಗುವುದು ಹೇಗೆ? ಆಲೆ ಮರವನ್ನೇ ನೋಡಿ. ಮೃದುವಾದ, ಬಿಳುಪಾದ ಈ ಮರ ಚೆನ್ನಾಗಿ ಒಣಗಬೇಕು. ಲೇತಿನಲ್ಲಿ ಅದು ತಿರುಗುವಾಗ ಉಳಿ ಅವಸರಪಟ್ಟರೆ ಕೆಲಸ ಕೆಡುತ್ತದೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಿದ ಬಿಸಿಗೆ ಅರಗು ಕರಗಿ ಬಣ್ಣ ಹಿಡಿಯುತ್ತದೆ. ಕೊನೆಗೆ ಒಣಗಿದ ಗರಿಯಿಂದ ತಿಕ್ಕಿದರೆ ಹೊಳಪು. ಹೊರಗಿನಿಂದ ತಂದ ವಿದ್ಯೆ ಈ ನೆಲದ ಮರಕ್ಕೆ ತಲೆಬಾಗಿ ಕಲಿತಾಗಲೇ ಅದು ಕಲೆಯಾಯಿತು.

ಮದೀನದ ಘಟನೆ ನಿಮಗೆ ತಿಳಿದೇ ಇದೆ. ಮಕ್ಕಾದಿಂದ ಬರಿಗೈಯಲ್ಲಿ ಬಂದ ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಿಗೆ ಅನ್ಸಾರರಾದ ಸಅದ್ ಬಿನ್ ರಬೀಅ್(ರ) ತಮ್ಮ ಸಂಪತ್ತಿನ ಅರ್ಧವನ್ನೇ ನೀಡಲು ಮುಂದಾದರು. ಅವರು ಹರಸಿ, ಮಾರುಕಟ್ಟೆಯ ದಾರಿಯನ್ನಷ್ಟೇ ಕೇಳಿದರು. ಇಲ್ಲಿ ಇಬ್ಬರದೂ ಹಿರಿಮೆ. ಬಂದವನು ದುಡಿಮೆಯನ್ನು ಆರಿಸಿದನು. ಇದ್ದವನು ಬಾಗಿಲು ತೆರೆದನು. ಪ್ರವಾದಿ ಝಕರಿಯ್ಯಾ(ಅ) ಬಡಗಿಯಾಗಿದ್ದರೆಂದು ಹದೀಸ್ ತಿಳಿಸುತ್ತದೆ. ಹಾಗಿರುವಾಗ ಉಳಿ ಹಿಡಿದ ಕೈಯನ್ನು ಕೀಳಾಗಿ ಕಾಣಲು ನಾವು ಯಾರು?

ನಮ್ಮ ಬಳ್ಳಾರಿ ಸೀಮೆಗೂ ಇದು ಹೊಸತಲ್ಲ. ತುಂಗಭದ್ರೆಯ ಕಾಲುವೆ ನೀರು ಬಂದ ಮೇಲೆ ಸಿರುಗುಪ್ಪದ ಸುತ್ತ ಆಂಧ್ರದಿಂದ ಬಂದ ರೈತರು ಕ್ಯಾಂಪ್‌ಗಳನ್ನು ಕಟ್ಟಿ ಭತ್ತ ಬೆಳೆದರು. ಅವರ ಮಕ್ಕಳು, ಮೊಮ್ಮಕ್ಕಳು ಇಂದು ಈ ಊರಿನವರೇ. ಹಾಗಾದರೆ ಬಳ್ಳಾರಿಯಲ್ಲೋ ಕುರುಗೋಡಿನಲ್ಲೋ ನಿಮ್ಮ ಮನೆಗೆ ಬಾಗಿಲು, ಮಂಚ ಮಾಡಲು ಬರುವ ಪರರಾಜ್ಯದ ಬಡಗಿ ಮಾತ್ರ ಏಕೆ ಅಪರಿಚಿತನಾಗಿಯೇ ಉಳಿಯಬೇಕು?

ಅವನ ಕಡೆಯಿಂದಲೂ ಒಂದು ಹೊಣೆಯಿದೆ. ಕಲಿತದ್ದನ್ನು ಬಚ್ಚಿಟ್ಟುಕೊಂಡವನು ಜಾಣ ಕೆಲಸಗಾರನಾಗಿ ಹೊಟ್ಟೆ ಹೊರೆದುಕೊಂಡಾನು. ಆದರೆ ಆ ಪರ್ಷಿಯದ ಕೈಗಳು ತಮ್ಮ ವಿದ್ಯೆಯನ್ನು ಬಚ್ಚಿಟ್ಟಿದ್ದರೆ ಅದು ಅವರೊಂದಿಗೇ ಮಣ್ಣಾಗುತ್ತಿತ್ತು. ಕಲಿಸಿದ್ದರಿಂದಲೇ ಅದು ಒಂದು ಊರಿನ ಅನ್ನವಾಯಿತು.

ನಮ್ಮ ಹೊಣೆಯೂ ಸ್ಪಷ್ಟ. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿ(ಸ)ರ ಬೋಧನೆ ನಮಗೆ ಗೊತ್ತು. ಅದರೊಂದಿಗೆ ಅವನ ಹೆಸರನ್ನು ಕೇಳಿ ಕರೆಯಿರಿ. ಓದಿನಲ್ಲಿ ಮನಸ್ಸಿಲ್ಲದ ನಿಮ್ಮ ಮಗನ ಕೈಗಳಿಗೆ ಕೆಲಸದಲ್ಲಿ ಒಲವಿದ್ದರೆ, ನಾಚದೆ ಅವನನ್ನು ಆ ಬಡಗಿಯ ಪಕ್ಕ ಕೂರಿಸಿರಿ. ಸ್ವಂತ ಕೈಯ ದುಡಿಮೆಯ ಅನ್ನಕ್ಕಿಂತ ಉತ್ತಮವಾದ ಅನ್ನವಿಲ್ಲವೆಂದು ನಂಬುವ ಸಮುದಾಯಕ್ಕೆ ಇದರಲ್ಲಿ ಅವಮಾನವೇನಿದೆ?