ಪಲಾಶಿಕೆಯ ದಾನ, ಹೆಣ್ಣಿನ ಒಡಲು

ಖಾನಾಪುರದಿಂದ ನಂದಗಡ ದಾಟಿ ಹೋದರೆ ಹಲಸಿ ಸಿಗುತ್ತದೆ. ಕದಂಬರ ಕಾಲದಲ್ಲಿ ಇದು ಪಲಾಶಿಕಾ. ಐದನೇ ಶತಮಾನದಲ್ಲಿ ಕದಂಬ ದೊರೆ ಮೃಗೇಶವರ್ಮ ಇಲ್ಲಿ ತಂದೆಯ ನೆನಪಿಗೆ ಜಿನಾಲಯ ಕಟ್ಟಿಸಿ, ಯಾಪನೀಯ, ನಿರ್ಗ್ರಂಥ, ಕೂರ್ಚಕ ಎಂಬ ಜೈನ ಸಂಘಗಳಿಗೆ 33 ನಿವರ್ತನ (ಅಂದಿನ ನೆಲದ ಅಳತೆ) ಭೂಮಿ ದಾನ ಕೊಟ್ಟ. ಈ ಸಂಘಗಳಲ್ಲಿ ಯಾಪನೀಯರ ನಿಲುವೊಂದು ಇವತ್ತಿನ ಸ್ತ್ರೀರೋಗ ತಜ್ಞರ ಕೋಣೆಗೂ ಬೇಕಾದದ್ದು: ಹೆಣ್ಣಿಗೆ ಹೆಣ್ಣಿನ ಜನ್ಮದಲ್ಲೇ ಮೋಕ್ಷವುಂಟು ಎಂದು ಅವರು ನಂಬಿದ್ದರು.

ದಿಗಂಬರ ಆಚಾರ್ಯರು ಇದನ್ನು ಒಪ್ಪಲಿಲ್ಲ. ಅವರಲ್ಲೊಬ್ಬರಾದ ಕುಂದಕುಂದರ ಸುತ್ತಪಾಹುಡ ಎಂಬ ಗ್ರಂಥ ಕೊಡುವ ಕಾರಣ ಗಮನಾರ್ಹ. ಹೆಣ್ಣಿನ ಗುಪ್ತಾಂಗ, ಸ್ತನಗಳ ನಡುವಿನ ಜಾಗ, ಹೊಕ್ಕುಳು, ಕಂಕುಳುಗಳಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಿವೆ. ಹಾಗಿರುವಾಗ ಅವಳಿಗೆ ದೀಕ್ಷೆ ಹೇಗೆ ಎಂಬುದು ಅಲ್ಲಿನ ವಾದ. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದ ಯಾಪನೀಯ ವಿದ್ವಾಂಸ ಶಾಕಟಾಯನ ಸ್ತ್ರೀನಿರ್ವಾಣಪ್ರಕರಣ ಬರೆದು ಹೆಣ್ಣಿನ ಪರ ನಿಂತ. ಸಮ್ಯಕ್ ದರ್ಶನ, ಜ್ಞಾನ, ಚಾರಿತ್ರ್ಯಗಳು ಹೆಣ್ಣಿಗೆ ಅಸಾಧ್ಯವೆನ್ನಲು ಆಧಾರವಿಲ್ಲ ಎಂಬುದು ಅವನ ವಾದದ ತಿರುಳು.

ಒಡಲಲ್ಲಿರುವ ಜೀವಾಣು ಹೆಣ್ಣಿನ ಶೀಲಕ್ಕೆ ಸಾಕ್ಷಿಯೇ? ಈ ಪ್ರಶ್ನೆ ಇನ್ನೂ ಹಳತಾಗಿಲ್ಲ.

ಕ್ಲಮೈಡಿಯಾವನ್ನೇ ನೋಡಿ. ಅದು ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು. ಇದರ ಬ್ಯಾಕ್ಟೀರಿಯಾ ಜೀವಕೋಶದ ಒಳಗೆ ಸೇರಿಕೊಂಡು ಬೆಳೆಯುತ್ತದೆ. ಹೆಚ್ಚಿನ ಹೆಂಗಸರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಕೆಲವರಿಗೆ ಬಿಳಿ ಸೆರಗು, ಕಿಬ್ಬೊಟ್ಟೆ ನೋವು. ಹಾಗೇ ಬಿಟ್ಟರೆ ಗರ್ಭನಾಳ ಕಟ್ಟಿಕೊಂಡು ಬಂಜೆತನ ಬರಬಹುದು, ಗರ್ಭ ನಾಳದಲ್ಲೇ ನಿಲ್ಲಬಹುದು. ಹೆರಿಗೆಯಲ್ಲಿ ಮಗುವಿಗೆ ತಗುಲಿದರೆ ಕಣ್ಣಿನ ಸೋಂಕು, ನ್ಯುಮೋನಿಯಾ ಬರಬಹುದು. ಗಂಡನೊಬ್ಬನ ಹೊರತು ಬೇರೆಯವರನ್ನು ಅರಿಯದ ಹೆಂಗಸಿಗೂ ಇದು ಬರುತ್ತದೆ. ಆದರೂ ಮನೆಯಲ್ಲಿ ಬೆರಳು ತಿರುಗುವುದು ಅವಳತ್ತಲೇ. ಕೆಲವೊಮ್ಮೆ ಅವಳೇ ಪೂರ್ವಜನ್ಮದ ಕರ್ಮವೆಂದು ತನ್ನನ್ನು ತಾನು ಶಪಿಸಿಕೊಳ್ಳುತ್ತಾಳೆ.

ಜೈನ ಶಾಸ್ತ್ರದ ಅಳತೆಯಿಂದಲೇ ನೋಡಿದರೂ ಈ ಆರೋಪ ನಿಲ್ಲುವುದಿಲ್ಲ. ಪ್ರಮಾದದಿಂದ, ಅಂದರೆ ಎಚ್ಚರಗೇಡಿತನದಿಂದ, ಜೀವಕ್ಕೆ ಹಾನಿ ಮಾಡುವುದೇ ಹಿಂಸೆ ಎನ್ನುತ್ತದೆ ತತ್ತ್ವಾರ್ಥಸೂತ್ರ. ಅರಿವಿಲ್ಲದೆ ಸೋಂಕು ಹೊತ್ತವಳಲ್ಲಿ ಯಾವ ಪ್ರಮಾದವಿದೆ? ಜೀವಾಣುವನ್ನು ಕೊಲ್ಲುವ ಮಾತ್ರೆ ಹಿಂಸೆಯಲ್ಲವೇ ಎಂದು ಅಳುಕುವವರಿಗೂ ಶಾಸ್ತ್ರದಲ್ಲೇ ಉತ್ತರವಿದೆ. ಗೃಹಸ್ಥರ ಅಹಿಂಸಾಣುವ್ರತ ತಡೆಯುವುದು ಚಲಿಸುವ ತ್ರಸಜೀವಿಗಳನ್ನು ಸಂಕಲ್ಪಪೂರ್ವಕವಾಗಿ ಕೊಲ್ಲುವುದನ್ನು; ರೋಗ ವಾಸಿಯಾಗಲೆಂದು ನುಂಗುವ ಮಾತ್ರೆ ಅದರಲ್ಲಿ ಬರುವುದಿಲ್ಲ. ಔಷಧದಾನವನ್ನಂತೂ ಜೈನರು ನಾಲ್ಕು ದಾನಗಳಲ್ಲಿ ಒಂದೆಂದು ಎಣಿಸಿದ್ದಾರೆ.

ಪ್ರಮಾದ ಶುರುವಾಗುವುದು ಗೊತ್ತಾದ ಮೇಲೆ. ಹೆಂಡತಿಗೆ ಸೋಂಕಿದೆ ಎಂದು ತಿಳಿದೂ ತಾನು ಮಾತ್ರೆ ನುಂಗದ ಗಂಡ, ನಾಚಿಕೆಗೆ ಅಂಜಿ ಸೊಸೆಯನ್ನು ಆಸ್ಪತ್ರೆಗೆ ಕಳಿಸದ ಮನೆ, ಅವಳ ಗುಟ್ಟನ್ನು ಕಾರಿಡಾರಿನಲ್ಲಿ ಕೂಗಿ ಹೇಳುವ ಸಿಬ್ಬಂದಿ: ಹೊಣೆ ಇವರದು.

ಚಿಕಿತ್ಸೆ ಕಷ್ಟದ್ದೇನಲ್ಲ. ಸರ್ಕಾರಿ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಗರ್ಭಕಂಠದ ಸ್ರಾವಕ್ಕೆ ಕೊಡುವುದು ಬೂದು ಬಣ್ಣದ ಒಂದನೇ ಕಿಟ್. ಅದರಲ್ಲಿ ಒಂದು ಗ್ರಾಂ ಅಜಿಥ್ರೊಮೈಸಿನ್, 400 ಮಿಲಿಗ್ರಾಂ ಸೆಫಿಕ್ಸಿಮ್. ಎರಡನ್ನೂ ಒಂದೇ ಸಲ ನುಂಗಬೇಕು. ಸೆಫಿಕ್ಸಿಮ್ ಇರುವುದು ಜೊತೆಗೇ ಇರಬಹುದಾದ ಗೊನೊರಿಯಾಕ್ಕೆ. ಕಿಬ್ಬೊಟ್ಟೆ ನೋವಿದ್ದರೆ ಹಳದಿ ಕಿಟ್. ಅದರಲ್ಲಿ ಒಂದೇ ಸಲದ ಸೆಫಿಕ್ಸಿಮ್ ಜೊತೆಗೆ, ಡಾಕ್ಸಿಸೈಕ್ಲಿನ್ ಮತ್ತು ಮೆಟ್ರೊನಿಡಜೋಲ್ 14 ದಿನ. ಪರೀಕ್ಷೆಯಲ್ಲಿ ಕ್ಲಮೈಡಿಯಾ ಎಂದೇ ಖಚಿತವಾದರೆ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆರಡು ಸಲ, ಏಳು ದಿನ. ಬಸುರಿಯರಿಗೆ ಡಾಕ್ಸಿಸೈಕ್ಲಿನ್ ಕೊಡುವುದಿಲ್ಲ, ಅಜಿಥ್ರೊಮೈಸಿನ್ ಕೊಡುತ್ತಾರೆ.

ಗಂಡನಿಗೂ ಅದೇ ಹೊತ್ತಿಗೆ ಚಿಕಿತ್ಸೆಯಾಗಬೇಕು. ಒಂದೇ ಸಲದ ಮಾತ್ರೆಯಾದರೆ ಮುಂದಿನ ಏಳು ದಿನ, ಏಳು ದಿನದ ಮಾತ್ರೆಯಾದರೆ ಅದು ಮುಗಿಯುವ ತನಕ ಇಬ್ಬರೂ ಕೂಡಬಾರದು. ಮೂರು ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿಸಬೇಕು, ಏಕೆಂದರೆ ಸೋಂಕು ಮರಳುವುದು ಬಹಳ ಸಲ ಚಿಕಿತ್ಸೆ ತಪ್ಪಿಸಿಕೊಂಡ ಗಂಡನಿಂದಲೇ. ಅವನನ್ನು ಕ್ಲಿನಿಕ್‌ಗೆ ಕರೆತರುವ ಕೆಲಸವನ್ನು ಹೆಂಡತಿಯೊಬ್ಬಳ ತಲೆಗೆ ಕಟ್ಟದೆ, ವೈದ್ಯರೂ ಆಪ್ತಸಮಾಲೋಚಕರೂ ವಹಿಸಿಕೊಳ್ಳಬೇಕು.