ಅರ್ಥವಾಗದ ಅಪ್ಪಣೆ

ಅನ್ಯರ ತಪ್ಪನ್ನು ಕಂಡೂ ಕಾಣದಂತಿರುವುದು ದೊಡ್ಡ ಗುಣವೆಂದು ಹಿರಿಯರು ಹೇಳುತ್ತಾರೆ. ನಾನೂ ಅದನ್ನು ನಂಬಿದ್ದವನೇ. ಆ ನಂಬಿಕೆಗೆ ಪೆಟ್ಟು ಬಿದ್ದದ್ದು ಒಂದೇ ಒಂದು ಅಕ್ಷರದಿಂದ.

ಸರ್ವರುಗಳನ್ನು ನೋಡಿಕೊಳ್ಳುವುದು ನನ್ನ ಕಸುಬು. ಸರ್ವರ್ ಹೇಗೆ ನಡೆಯಬೇಕು, ಯಾರನ್ನು ಒಳಗೆ ಬಿಡಬೇಕು ಎಂಬುದನ್ನೆಲ್ಲ ಒಂದು ಫೈಲಿನಲ್ಲಿ ಬರೆದಿಡುತ್ತೇವೆ. ಯಜಮಾನ ಆಳಿಗೆ ಕೊಟ್ಟ ಅಪ್ಪಣೆಯ ಚೀಟಿ ಎನ್ನಿ. ಹಲವು ಕಡೆ ಅದನ್ನು ಎಕ್ಸ್‌ಎಂಎಲ್ ಎಂಬ ಕಟ್ಟಿನಲ್ಲಿ ಬರೆಯುವುದು ರೂಢಿ. ಆಡಳಿತದ ಪುಟವನ್ನು ಕಚೇರಿಯ ಒಳಗಿನವರು ಮಾತ್ರ ತೆರೆಯಬೇಕೆಂದು ನಾನೊಮ್ಮೆ ಅಪ್ಪಣೆ ಬರೆದೆ. ಪದದಲ್ಲಿ ಒಂದಕ್ಷರ ತಪ್ಪಿತು. ಸರ್ವರ್ ಆ ಸಾಲನ್ನು ಸದ್ದಿಲ್ಲದೆ ಬಿಟ್ಟು, ಮಿಕ್ಕದ್ದನ್ನು ಓದಿಕೊಂಡು, ಹಸನ್ಮುಖಿಯಾಗಿ ಕೆಲಸಕ್ಕೆ ನಿಂತಿತು. ಮೂರು ವಾರ ಬಾಗಿಲು ತೆರೆದೇ ಇತ್ತು. ಕೊನೆಗೆ ಕಿರಿಯ ಸಹೋದ್ಯೋಗಿಯೊಬ್ಬ, “ಸಾರ್, ಈ ಪುಟ ನಮ್ಮ ಮನೆಯಿಂದಲೂ ತೆರೆಯುತ್ತದಲ್ಲ?” ಎಂದು ಸಂಕೋಚದಿಂದ ಕೇಳಿದಾಗ ನನ್ನ ಕೈಕಾಲು ತಣ್ಣಗಾದವು.

ಎಕ್ಸ್‌ಎಂಎಲ್ ಅಷ್ಟು ಸಡಿಲವೆ? ಇಲ್ಲ. ತೆರೆದ ಗುರುತನ್ನು ಮುಚ್ಚದಿದ್ದರೆ ಮುಂದೆ ಓದಲೇಕೂಡದೆಂದು 1998ರ ಅದರ ನಿಯಮವೇ ಹೇಳುತ್ತದೆ. ಆದರೆ ಅದು ವ್ಯಾಕರಣದ ಮಾತು; ವ್ಯಾಕರಣ ಸರಿಯಿದ್ದೂ ವಾಕ್ಯ ಅರ್ಥಹೀನವಾಗಿರಬಹುದಷ್ಟೆ. ಯಾವ ಪದ ಎಲ್ಲಿ ಬರಬಹುದೆಂಬ ಪಟ್ಟಿಗೆ ಸ್ಕೀಮಾ ಎಂದು ಹೆಸರು. ಅದರೊಡನೆ ತಾಳೆ ನೋಡುವುದು ಬಿಡುವುದು ತಂತ್ರಾಂಶ ಬರೆದವರ ಇಷ್ಟ. ತನ್ನ ಫೈಲಿನಲ್ಲಿ ಅರಿಯದ ಪದ ಕಂಡರೆ ವೈಲ್ಡ್‌ಫ್ಲೈ ಸರ್ವರ್ ಏಳುವುದೇ ಇಲ್ಲ. ಟಾಮ್‌ಕ್ಯಾಟ್ ಲಾಗಿನಲ್ಲಿ ಒಂದು ಎಚ್ಚರಿಕೆ ಬರೆದು ಮುಂದೆ ಸಾಗುತ್ತದೆ.

ಸಡಿಲಿನ ಪರವಾಗಿ ದೊಡ್ಡವರ ಮಾತೂ ಉಂಟು. ಕೊಡುವಾಗ ಬಿಗಿಯಾಗಿರಬೇಕು, ಕೊಳ್ಳುವಾಗ ಉದಾರವಾಗಿರಬೇಕು ಎಂಬ ತತ್ತ್ವವನ್ನು ಇಂಟರ್‌ನೆಟ್ಟಿನ ಹಿರಿಯ ಜಾನ್ ಪೋಸ್ಟೆಲ್ 1980ರಲ್ಲಿ ಬರೆದಿಟ್ಟರು. ಅದು ಒಂದನ್ನೊಂದು ಅರಿಯದ ಯಂತ್ರಗಳ ಮಾತುಕತೆಗಾಗಿ ಹೇಳಿದ್ದು. ಮನೆಗೆ ಬಂದ ಅತಿಥಿ ತೊದಲಿದರೆ ಅರ್ಥಮಾಡಿಕೊಳ್ಳುವುದು ಸೌಜನ್ಯ. ಯಜಮಾನನ ಅಪ್ಪಣೆಯೇ ಅರ್ಥವಾಗದಾಗ, ಅರ್ಥವಾದವನಂತೆ ತಲೆಯಾಡಿಸುವುದೂ ಸೌಜನ್ಯವೆ?

“ನಡುರಾತ್ರಿ ಆಸ್ಪತ್ರೆಯ ಸರ್ವರೊಂದು ಕ್ಷುಲ್ಲಕ ಪದಕ್ಕಾಗಿ ಏಳದೆ ಮಲಗಿದರೆ?” ಎಂದು ನನ್ನ ಮಿತ್ರರು ಕೇಳುತ್ತಾರೆ. ತೂಕದ ಪ್ರಶ್ನೆ. ಹೊಸ ಚೀಟಿ ಅರ್ಥವಾಗದಿದ್ದರೆ ಹಾಗೆಂದು ಹೇಳಿ, ಹಳೆಯದರಂತೆಯೇ ನಡೆಯುತ್ತಿರಲಿ ಎಂಬುದು ನನ್ನ ಉತ್ತರ. ಎಂಜಿನ್‌ಎಕ್ಸ್ ಸರ್ವರಿನ ಫೈಲು ಎಕ್ಸ್‌ಎಂಎಲ್ ಅಲ್ಲದಿದ್ದರೂ, ನಡುವೆ ಫೈಲು ಬದಲಾಯಿಸಿದಾಗ ಅದು ಮಾಡುವುದು ಇದನ್ನೇ. ಆದರೆ ನಿಂತ ಸರ್ವರನ್ನು ಮೊದಲಿನಿಂದ ಎಬ್ಬಿಸುವಾಗ ಈ ಉಪಾಯವಿಲ್ಲ. ಅಲ್ಲಿ ಬಿಗಿಗೆ ಬೆಲೆ ತೆರಲೇಬೇಕು. ತೆರಲು ನಾನು ಸಿದ್ಧ. ನಿಂತ ಸರ್ವರ್ ಆ ರಾತ್ರಿಯೇ ಕಣ್ಣಿಗೆ ಬೀಳುತ್ತದೆ, ತೆರೆದ ಬಾಗಿಲು ಬೀಳುವುದಿಲ್ಲ.

ನನ್ನ ಸರ್ವರ್ ನನ್ನ ತಪ್ಪನ್ನು ಮನ್ನಿಸಿತೆಂದು ಹೇಳಲಾರೆ. ಮನ್ನಿಸುವುದಕ್ಕೆ ಮೊದಲು ತಿಳಿಸಬೇಕಲ್ಲವೆ? ತಿಳಿಸಿದವನು ಆ ಹುಡುಗ. ಅವನು ಸುಮ್ಮನಿದ್ದಿದ್ದರೆ, ಎಂಥ ವಿನಯಶಾಲಿ ಎಂದು ನಾನೇ ಹೊಗಳುತ್ತಿದ್ದೆನೋ ಏನೋ!