ಕಾಯುವ ಶಕ್ತಿಯೇ ಕೊಲ್ಲತೊಡಗಿದಾಗ

ಗೃಹಸ್ಥನಾದ ಶ್ರಾವಕನಿಗೆ ವಿರೋಧೀ ಹಿಂಸೆಯು ಸಂಪೂರ್ಣವಾಗಿ ನಿಷಿದ್ಧವಲ್ಲ. ಮನೆಗೆ ನುಗ್ಗಿದ ಕಳ್ಳನನ್ನು ತಡೆಯಲು ಅವನು ಕೋಲೆತ್ತಬಹುದು. ಆದರೆ ಕಳ್ಳ ಓಡಿದ ಮೇಲೂ ಕೋಲು ಬೀಸುತ್ತಲೇ ಇದ್ದು ಮನೆಯ ಮಕ್ಕಳಿಗೇ ಪೆಟ್ಟು ಬಿದ್ದರೆ, ಅದಕ್ಕೆ ರಕ್ಷಣೆಯೆಂಬ ಹೆಸರು ಸಲ್ಲುವುದೇ?

ಕೋವಿಡ್ ಉಲ್ಬಣಿಸಿದ ಅನೇಕರ ಶರೀರದಲ್ಲಿ ನಡೆದದ್ದು ಇಂಥದೇ. (ವೈರಾಣುವು ಜೀವವೋ ಅಲ್ಲವೋ ಎಂಬ ಚರ್ಚೆ ಪಂಡಿತರಿಗಿರಲಿ.) ವೈರಾಣುವಿನ ಪ್ರಾಬಲ್ಯ ಇಳಿಯತೊಡಗಿದ ಮೇಲೂ, ಸುಮಾರು ಎರಡನೆಯ ವಾರದಲ್ಲಿ, ರೋಗನಿರೋಧಕ ಕಣಗಳು ಸೈಟೊಕೈನ್ ಎಂಬ ಸಂದೇಶದ್ರವ್ಯಗಳನ್ನು ಮಿತಿಮೀರಿ ಸುರಿಸುತ್ತವೆ. ಶ್ವಾಸಕೋಶಕ್ಕೆ ಉರಿಯೂತ ತಗುಲಿ, ಗಾಳಿಗೂಡುಗಳಲ್ಲಿ ದ್ರವ ತುಂಬಿ ಉಸಿರು ಕಟ್ಟುತ್ತದೆ.

2020ರ ಜೂನ್‌ನಲ್ಲಿ ಬ್ರಿಟನ್ನಿನ 'ರಿಕವರಿ' ಪ್ರಯೋಗದ ಫಲ ಪ್ರಕಟವಾಯಿತು. ಡೆಕ್ಸಾಮೆಥಸೋನ್ ಎಂಬ ಹಳೆಯ, ಅಗ್ಗದ ಸ್ಟಿರಾಯ್ಡನ್ನು ದಿನಕ್ಕೆ 6 ಮಿಲಿಗ್ರಾಂನಂತೆ ಹೆಚ್ಚೆಂದರೆ 10 ದಿನ ಕೊಟ್ಟಾಗ, ವೆಂಟಿಲೇಟರಿನ ಮೇಲಿದ್ದವರ ಮರಣ ಸುಮಾರು ಮೂರರಲ್ಲೊಂದು ಪಾಲು, ಆಮ್ಲಜನಕ ಮಾತ್ರ ಪಡೆಯುತ್ತಿದ್ದವರ ಮರಣ ಐದರಲ್ಲೊಂದು ಪಾಲು ತಗ್ಗಿತು. ಆಮ್ಲಜನಕ ಬೇಕಾಗದವರಿಗೆ ಲಾಭವಾಗಲಿಲ್ಲ. ಹಾನಿಯ ಶಂಕೆಯೇ ಉಳಿಯಿತು. ಆ ಹಂತದಲ್ಲಿ ಶರೀರದ ಹೋರಾಟ ಇನ್ನೂ ನ್ಯಾಯವಾದದ್ದು. ಅದರ ಕೈ ಕಟ್ಟಬಾರದು. ದ್ರವ್ಯ, ಕ್ಷೇತ್ರ, ಕಾಲ, ಭಾವಗಳನ್ನು ನೋಡಿಯೇ ನುಡಿಯಬೇಕೆಂಬ ಸ್ಯಾದ್ವಾದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

2021ರ ಎರಡನೆಯ ಅಲೆಯಲ್ಲಿ ಈ ವಿವೇಕ ಹಲವೆಡೆ ತಪ್ಪಿತು. ಇಳಕಲ್ಲಿನ ಒಂದು ನೇಕಾರ ಮನೆಯನ್ನು ಕಲ್ಪಿಸಿಕೊಳ್ಳಬಹುದು. ದೊಡ್ಡಾಸ್ಪತ್ರೆಗೆಂದು ಬಾಗಲಕೋಟೆಗೋ ಹುಬ್ಬಳ್ಳಿಗೋ ಹೋಗಬೇಕು. ಹೋದರೂ ಹಾಸಿಗೆ ಸಿಗುವ ಭರವಸೆಯಿಲ್ಲ. ಜ್ವರ ಬಂದ ಎರಡನೆಯ ದಿನವೇ ಔಷಧದಂಗಡಿಯಿಂದ ಸ್ಟಿರಾಯ್ಡ್ ಗುಳಿಗೆ ತಂದು ತಂದೆಗೆ ನುಂಗಿಸುವ ಮಗನನ್ನು ನಿರ್ದಯಿ ಎನ್ನಲಾದೀತೆ? ಅವನಲ್ಲಿರುವುದು ಪ್ರೀತಿ. ಆದರೂ ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಹಿಂಸೆಯ ಲಕ್ಷಣ ಹೇಳುವಾಗ ಮುಂದಿಡುವುದು ದ್ವೇಷವನ್ನಲ್ಲ, ಪ್ರಮಾದವನ್ನು. "ಈಗ ಬೇಡ, ಕಾಯೋಣ" ಎಂದ ವೈದ್ಯರ ಮೇಲೆ ಅಂದು ಸಿಟ್ಟಾದವರು ಕಡಿಮೆಯಿರಲಿಲ್ಲ. ಅಹಿಂಸೆಗೆ ಹತ್ತಿರವಾಗಿದ್ದವರು ಬಹುಶಃ ಆ ವೈದ್ಯರೇ.

ಆ ವರ್ಷದ ಮೇ ತಿಂಗಳಿನಲ್ಲಿ ಕರ್ನಾಟಕವು ಕಪ್ಪು ಶಿಲೀಂಧ್ರ ರೋಗವನ್ನು ಅಧಿಸೂಚಿತ ರೋಗವೆಂದು ಘೋಷಿಸಬೇಕಾಯಿತು. ಅದಕ್ಕೆ ತುತ್ತಾದವರಲ್ಲಿ ಬಹಳ ಮಂದಿ ಮಧುಮೇಹಿಗಳು. ಸ್ಟಿರಾಯ್ಡಿನಿಂದ ರಕ್ತದ ಸಕ್ಕರೆ ಏರಿದವರೂ ಇದ್ದರು. ಕೆಲವರ ಕಣ್ಣು, ಕೆಲವರ ದವಡೆ ಹೋಯಿತು.

ಬಸದಿಯ ಟ್ರಸ್ಟುಗಳು ಔಷಧದಾನವೆಂದರೆ ಗುಳಿಗೆ, ಇಂಜಕ್ಷನ್ ಎಂದೇ ತಿಳಿಯುವುದುಂಟು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು, ಸಕ್ಕರೆ ಅಳೆಯುವ ಯಂತ್ರ, ಅವುಗಳ ಅಂಕಿಯನ್ನು ದಿನವೂ ಬರೆದು ವೈದ್ಯರಿಗೆ ತಿಳಿಸುವ ಒಬ್ಬ ತರುಣ ಅಥವಾ ತರುಣಿ, ಇವೂ ಆ ದಾನದಲ್ಲಿಯೇ ಸೇರುತ್ತವೆ.